ಗಂಧದ ಹಾಳೆ

ಹುಕ್ಕೇರಿಯ ಬಜಾರಿಗೆ ಹತ್ತಿದ ಆ ಮನೆಯಲ್ಲಿ ಎರಡು ವಾಸನೆಗಳಿದ್ದವು. ಮುಂದಿನ ಪಡಸಾಲೆಯಲ್ಲಿ ನೇಮಿನಾಥನ ಅಂಚೆಚೀಟಿಗಳ ವಾಸನೆ, ಹಿಂದಿನ ಕೋಣೆಯಲ್ಲಿ ಅವನ ತಾಯಿ ಜಿನ್ನವ್ವನ ಕಾಲಿನ ವಾಸನೆ. ಎರಡರ ನಡುವಿನ ಅಡುಗೆಮನೆಯಲ್ಲಿ ಅವನ ಹೆಂಡತಿ ತ್ರಿಶಲಾ ದಿನವಿಡೀ ಓಡಾಡುತ್ತಿದ್ದಳು. ಯಾವುದು ಹೆಚ್ಚು ಅಸಹ್ಯ ಎಂದು ಯಾರಾದರೂ ಅವಳನ್ನು ಕೂರಿಸಿ ಕೇಳಿದ್ದರೆ ಅವಳು ಮುಂದಿನದನ್ನೇ ತೋರಿಸುತ್ತಿದ್ದಳು. ಯಾರೂ ಕೇಳಲಿಲ್ಲ ಬಿಡಿ, ಸೊಸೆಯನ್ನು ಇಂಥದ್ದೆಲ್ಲ ಕೇಳುವ ರೂಢಿ ಯಾವ ಮನೆಯಲ್ಲಿದೆ?

ನೇಮಿನಾಥನದು ಭಾಂಡೆ ಅಂಗಡಿ. ಸ್ಟೀಲಿನ ಡಬ್ಬಿ, ಹಿತ್ತಾಳೆಯ ಕೊಡ, ಮದುವೆಯಲ್ಲಿ ಆಯೇರ ಕೊಡುವ ತಾಟು ಬಟ್ಟಲು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೆ ಊರವರು ಅವನನ್ನು ಗುರುತಿಸುತ್ತಿದ್ದದ್ದು ಅವನ ಮೂಗಿನಿಂದ. ಸಕ್ಕರೆ ಕಾರ್ಖಾನೆಯ ನಾರುವ ಕಾಕಂಬಿ ತುಂಬಿದ ಟ್ಯಾಂಕರು ಬಜಾರಿನಲ್ಲಿ ಹಾಯ್ದರೆ ಅವನು ಗಿರಾಕಿಯನ್ನು ಅಲ್ಲೇ ನಿಲ್ಲಿಸಿ ಅಂಗಡಿಯೊಳಗೆ ಓಡುತ್ತಿದ್ದ. ಸಂತೆಯ ದಿನ ಒಣಮೀನಿನವರ ಸಾಲು ತಪ್ಪಿಸಲು ಅರ್ಧ ಊರು ಸುತ್ತಿ ಮನೆಗೆ ಬರುತ್ತಿದ್ದ. ಹೆಂಡತಿ ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಹಾಸಿಗೆ ಬೇರೆ. ಇಂಥ ಮನುಷ್ಯನಿಗೆ ಹತ್ತಿದ ಹುಚ್ಚೂ ಮೂಗಿನದೇ ಆಗಿತ್ತು.

ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ವಾಸನೆ ಬಿಡುವ ಅಂಚೆಚೀಟಿಗಳಿರುತ್ತವೆ. ಗೋಕಾಕದಲ್ಲಿ ಕಾಲೇಜು ಓದುವಾಗ ಮುಂಬೈಯ ಒಬ್ಬ ವ್ಯಾಪಾರಿಯಿಂದ ನೇಮಿನಾಥ ಭೂತಾನದ ಗುಲಾಬಿ ಚೀಟಿಯೊಂದನ್ನು ತರಿಸಿಕೊಂಡಿದ್ದ. ಅದು ಅವನಿಗಿಂತ ಕೆಲವೇ ವರ್ಷ ಚಿಕ್ಕದು, ಆದರೂ ಗುಲಾಬಿ ಇನ್ನೂ ಇತ್ತು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಸ್ವಿಟ್ಜರ್ಲೆಂಡಿನಿಂದ ಚಾಕಲೇಟು ಬಂತು, ಬ್ರೆಜಿಲಿನಿಂದ ಕಾಫಿ ಬಂತು, ಇಂಗ್ಲೆಂಡಿನಿಂದ ನೀಲಗಿರಿ ಎಣ್ಣೆ ಬಂತು, ಥಾಯ್ಲೆಂಡಿನಿಂದ ಮತ್ತೆ ಗುಲಾಬಿ. ಸುಟ್ಟ ಕಟ್ಟಿಗೆಯ ವಾಸನೆಯದೂ ಒಂದಿತ್ತು. ಅದನ್ನು ಮೊದಲ ಸಲ ಮೂಸಿ ನೋಡಿದಾಗ ತ್ರಿಶಲಾಗೆ ನಗು ಬಂದಿತ್ತು. ಕಟ್ಟಿಗೆ ಒಲೆಯ ಮುಂದೆ ಕೂತು ಅತ್ತೆಗೆ ನೀರು ಕಾಯಿಸುವವಳಿಗೆ ಅದೇ ವಾಸನೆಯನ್ನು ದುಡ್ಡು ಕೊಟ್ಟು ಪರದೇಶದಿಂದ ತರಿಸಿದ್ದರಲ್ಲ ಎಂದು.

ಮೊದಮೊದಲು ಅವನು ಬಂದವರಿಗೆಲ್ಲ ಆಲ್ಬಮ್ಮು ತೋರಿಸುತ್ತಿದ್ದ. ತ್ರಿಶಲಾ ಚಹ ಮಾಡಬೇಕು, ಬಂದವರು ಉಜ್ಜಬೇಕು, ಮೂಸಬೇಕು, ವಾಹ್ ಎನ್ನಬೇಕು. ಒಂದು ದಿನ ಬಾಜೂ ಮನೆಯ ರಾಯವ್ವ ಮಶೇರಿ ತಿಕ್ಕುತ್ತಲೇ ಬಂದಳು. ಸುಟ್ಟ ತಂಬಾಕಿನ ಕರಿ ಪುಡಿ ಹತ್ತಿದ ಬೆರಳನ್ನು ಬಾಯಿಂದ ತೆಗೆದು ಸೀರೆಗೆ ಒರೆಸಿದಂತೆ ಮಾಡಿ ಬ್ರೆಜಿಲಿನ ಕಾಫಿಯ ಮೇಲೆ ಇಟ್ಟಳು. ಇನ್ನೊಂದು ದಿನ ರಿಟೈರ್ ಆದ ಮಾಸ್ತರ ಶಿದ್ಲಿಂಗಪ್ಪ ಚಾಕಲೇಟಿನ ಮೇಲೆ ಮೂಗಿಟ್ಟು ದೀರ್ಘವಾಗಿ ಎಳೆದುಕೊಂಡರು. ತಪಕೀರದ ನಶ್ಯ ಏರಿಸಿದ ಅವರ ಮೂಗಿನಿಂದ ಕಂದು ಹನಿಯೊಂದು ಸ್ವಿಟ್ಜರ್ಲೆಂಡಿನ ಮೇಲೆ ಬಿತ್ತು. ನೇಮಿನಾಥ ಆ ದಿನ ಎರಡು ಸಲ ಸ್ನಾನ ಮಾಡಿದ. ಹೇಸಿಕೆ ಖರೆಯೇ, ತ್ರಿಶಲಾ ಕೂಡ ಒಪ್ಪುತ್ತಿದ್ದಳು. ಆದರೆ ಅವನ ಮುಖ ಸಿಂಡರಿಸಿದ್ದು ನೋಡಿದರೆ ಶಿದ್ಲಿಂಗಪ್ಪನವರು ಮನುಷ್ಯರೇ ಅಲ್ಲ, ಒಂದು ಕೆಟ್ಟ ನೆಗಡಿ ಮಾತ್ರ ಎನ್ನುವಂತಿತ್ತು.

ಆಮೇಲೆ ಯಾರಿಗೂ ತೋರಿಸುವುದನ್ನು ಬಿಟ್ಟ. ಬಹಳ ಉಜ್ಜಿದರೆ ವಾಸನೆ ಸವೆಯುತ್ತದಂತೆ. ಮಧ್ಯಾಹ್ನ ಊಟಕ್ಕೆ ಬಂದವನು ಪಡಸಾಲೆಯ ಬಾಗಿಲಿಗೆ ಚಿಲಕ ಹಾಕಿ, ಚಿಮಟದಿಂದ ಒಂದೊಂದೇ ಚೀಟಿ ಎತ್ತಿ ಮೂಗಿಗೆ ಹಿಡಿಯುತ್ತಿದ್ದ. ತ್ರಿಶಲಾ ಒಮ್ಮೆ ಕಿಟಕಿಯಿಂದ ನೋಡಿಬಿಟ್ಟಳು. ಅರ್ಧ ಮುಚ್ಚಿದ ಕಣ್ಣು, ಅರ್ಧ ತೆರೆದ ಬಾಯಿ, ತುಟಿಯ ಅಂಚಿನಲ್ಲಿ ಒದ್ದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳ ಮುಖವನ್ನು ಅಷ್ಟು ಹತ್ತಿರಕ್ಕೆ ತಂದುಕೊಂಡವನಲ್ಲ. ಅವಳು ಕಿಟಕಿ ಬಿಟ್ಟು ಒಲೆಯ ಮುಂದೆ ಹೋಗಿ ಕೂತಳು. ಅವತ್ತಿನಿಂದ ಅವಳು ಮಲ್ಲಿಗೆ ಮುಡಿಯುವುದನ್ನೂ ಕಡಿಮೆ ಮಾಡಿದಳು.

ಗಂಧದ ಹಾಳೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ. ನಮ್ಮ ಸರ್ಕಾರವೇ ಶ್ರೀಗಂಧದ ವಾಸನೆಯ ಅಂಚೆಚೀಟಿ ತೆಗೆಯುತ್ತದೆ ಎಂದು ಪೇಪರಿನಲ್ಲಿ ಓದಿದ್ದೇ ನೇಮಿನಾಥ ಅಂಗಡಿ ಮುಚ್ಚಿ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಹೋದ. ಬಿಡಿ ಚೀಟಿ ತರಲಿಲ್ಲ, ಹರಿಯದ ಇಡೀ ಹಾಳೆಯನ್ನೇ ತಂದ. ಅವತ್ತು ಅವನ ಸಂತೋಷ ನೋಡಬೇಕಿತ್ತು. ಚಪ್ಪಲಿ ಬಿಡುತ್ತಲೇ ತಾಯಿಯ ಹತ್ತಿರ ಹೋಗಿ, "ಅವ್ವಾ, ನೋಡಿಲ್ಲೆ, ಸರಕಾರದವರೂ ಗಂಧ ತೇಯಾಕ ಕುಂತಾರ" ಎಂದು ಹಾಳೆಯನ್ನು ಅವಳ ಮೂಗಿಗೆ ಹಿಡಿದ.

ಜಿನ್ನವ್ವ ಆಗ ಓಡಾಡುತ್ತಿದ್ದಳು. ದಿನಾ ಬೆಳಿಗ್ಗೆ ಬಸದಿಗೆ ಹೋಗಿ, ಪೂಜೆಗೆ ಮುಂಚೆ ಹಣೆ, ಎರಡೂ ಕಿವಿಯ ಹಾಲೆ, ಗಂಟಲು, ಎರಡು ತೋಳು ಎಂದು ಗಂಧ ಹಚ್ಚಿಕೊಂಡು, ಮಧ್ಯಾಹ್ನದವರೆಗೆ ಅದೇ ವಾಸನೆಯಲ್ಲಿ ಮನೆಯೆಲ್ಲ ತಿರುಗುತ್ತಿದ್ದಳು. ಮೂಸಿ ನೋಡಿ, "ನಮ್ಮ ಬಸದಿ ಗಂಧಕ್ಕ ಸಾಟಿ ಆಗೂದಿಲ್ಲ ತಮ್ಮಾ. ಆದ್ರ ಚಲೋ ಐತಿ" ಎಂದಳು. ತಾಯಿ ಮಗ ಇಬ್ಬರೂ ನಕ್ಕರು. ಜಿನ್ನವ್ವ ಸೊಸೆಯ ಕಡೆ ತಿರುಗಿ, ನೂರು ಸಲ ಹೇಳಿದ್ದನ್ನೇ ಮತ್ತೆ ಹೇಳಿದಳು: "ಸಣ್ಣಾಂವ ಇದ್ದಾಗ ನನ್ನ ಸೆರಗ ಮೂಗಿಗೆ ಇಟಕೊಂಡಾನೇ ಮಲಗಾಂವ. ಸೆರಗ ಕಸಗೊಂಡ್ರ ಅಳಾಂವ. ಗಂಧದ ವಾಸ್ನಿ ಬೇಕು ಇವಂಗ."

ಚೈತ್ರದಲ್ಲಿ ಮಹಾವೀರ ಜಯಂತಿಯ ಮೆರವಣಿಗೆ. ಮನೆಯವರು ಬೇಡವೆಂದರೂ ಕೇಳದೆ ಜಿನ್ನವ್ವ ಬರಿಗಾಲಲ್ಲಿ ಡಾಂಬರಿನ ಮೇಲೆ ಊರು ಸುತ್ತಿದಳು. ಸಕ್ಕರೆ ಕಾಯಿಲೆಯಿಂದ ಅಂಗಾಲು ಎಂದೋ ಮರಗಟ್ಟಿತ್ತು, ಸುಟ್ಟದ್ದು ತಿಳಿಯಲಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ತ್ರಿಶಲಾ ನೋಡಿದರೆ ಬಲಗಾಲಿನ ಅಂಗಾಲಿಗೆ ಅಂಗಾಲೇ ಬೊಕ್ಕೆ ಎದ್ದಿತ್ತು. ಅದು ಒಡೆಯಿತು, ಮಾಯಲಿಲ್ಲ, ಕರಿಯಾಯಿತು. ಗೋಕಾಕದ ಡಾಕ್ಟರು ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು. ಜಿನ್ನವ್ವ ಒಪ್ಪಲಿಲ್ಲ. "ತಂದದ್ದನ್ನ ತಗೊಂಡ ಹೋಗ್ತೀನಿ, ಅರ್ಧ ಇಲ್ಲೆ ಬಿಟ್ಟ ಹೋಗೂದಿಲ್ಲ" ಎಂದಳು. ಗೋಕಾಕದಿಂದ ತಿರುಗಿ ಬರುವಾಗ ನೇಮಿನಾಥ ಜೀಪಿನಲ್ಲಿ ಡ್ರೈವರನ ಬಾಜೂ ಕೂತು ಇಡೀ ದಾರಿ ಮುಖವನ್ನು ಹೊರಗೆ ಹಾಕಿಕೊಂಡಿದ್ದ. ಹಿಂದೆ ತಾಯಿಯ ಕಾಲು ತ್ರಿಶಲಾಳ ತೊಡೆಯ ಮೇಲಿತ್ತು.

ಅಲ್ಲಿಂದ ಅವನು ಹಿಂದೆ ಸರಿಯುತ್ತ ಹೋದ. ಮೊದಲು ಹೊರಸಿನ ಹತ್ತಿರ ನಿಂತು ಮಾತಾಡಿಸುತ್ತಿದ್ದವನು ಆಮೇಲೆ ಹೊಸ್ತಿಲ ಮೇಲೆ ನಿಂತ. ಹೊಸ್ತಿಲು ಬಿಟ್ಟು ಅಡುಗೆಮನೆಯಿಂದ "ಅವ್ವಾ, ಆರಾಮ?" ಎಂದ. ಕೊನೆಗೆ ಪಡಸಾಲೆಯಿಂದಲೇ ಕೂಗತೊಡಗಿದ, ಅದೂ ಮೂಗಿಗೆ ಕರವಸ್ತ್ರ ಒತ್ತಿಕೊಂಡು. ಮಳೆಗಾಲ ಶುರುವಾಗುವ ಹೊತ್ತಿಗೆ ಕೂಗುವುದೂ ನಿಂತಿತು. ಜೈನರ ಮನೆ, ಸೂರ್ಯ ಮುಳುಗುವ ಮೊದಲು ಊಟ ಮುಗಿಸಬೇಕಲ್ಲ, ತಾಟನ್ನು ಹೊರಗಿನ ಕಟ್ಟೆಗೆ ಒಯ್ದು, ರಸ್ತೆಯ ಕಡೆ ಮುಖ ಮಾಡಿ ಉಂಡು ಹೋಗುತ್ತಿದ್ದ. ಫಿನಾಯಿಲು ತಂದುಕೊಟ್ಟ, ಊದುಬತ್ತಿಯ ಕಟ್ಟು ಕಟ್ಟೇ ತಂದುಕೊಟ್ಟ. ಕೀವಿನ ಮೇಲೆ ಊದುಬತ್ತಿ ಸೇರಿದರೆ ಎಂಥ ವಾಸನೆಯಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ತ್ರಿಶಲಾ ಊದುಬತ್ತಿಗಳನ್ನು ಹಿತ್ತಿಲಿಗೆ ಎಸೆದಳು.

ಜಿನ್ನವ್ವನಿಗೆ ಮಾತ್ರ ಅವಳು ಸುಳ್ಳು ಹೇಳುತ್ತಿದ್ದಳು. "ಮದವಿ ಸೀಜನ್ ಅಲ್ರಿ ಅತ್ತಿ, ಅಂಗಡ್ಯಾಗ ಗಿರಾಕಿ ಭಾಳ." ಮದುವೆಯ ದಿನಗಳು ಮುಗಿದು ಆಷಾಢ ಬಂದ ಮೇಲೂ ಅದನ್ನೇ ಹೇಳಿದಳು.

ಮೂಡಲಗಿಯಿಂದ ನೇಮಿನಾಥನ ತಂಗಿ ಚಂಪಾವತಿ ಬಂದಳು. ಅತ್ತರು ಹಾಕಿದ ಹತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು, ಅಣ್ಣನ ರಕ್ತವೇ. ಹೊರಸಿನಿಂದ ಮಾರು ದೂರ ಕೂತು ಅವ್ವಾ ಅವ್ವಾ ಎಂದು ಅತ್ತಳು, ಚಹ ಕುಡಿಯಲು ಹೊರಗಿನ ಕಟ್ಟೆಗೆ ಹೋದಳು, ಆಮೇಲೆ ಒಳಗೆ ಬರಲೇ ಇಲ್ಲ. "ಅಣ್ಣ ಬರೂದಿಲ್ಲಂತ ಮನಸಿಗಿ ಹಚಗೋಬ್ಯಾಡ್ರಿ ವೈನಿ. ಅವಂದು ಮೊದಲಿಂದ ಸೂಕ್ಷ್ಮ ಪ್ರಕೃತಿ" ಎಂದಳು. ಮೂಡಲಗಿಯ ಬಸ್ಸು ತಪ್ಪುತ್ತದೆಂದು ಎದ್ದಳು. ಸೂಕ್ಷ್ಮ ಪ್ರಕೃತಿ! ತ್ರಿಶಲಾಗೆ ಮೈಯೆಲ್ಲ ಉರಿಯಿತು. ಇವರ ಸೂಕ್ಷ್ಮಕ್ಕೆ ದಿನಾ ಕೀವು ಒರೆಸುವ ತನ್ನ ಪ್ರಕೃತಿ ಯಾವುದು, ಎಮ್ಮೆಯದೇ? ಅವಳಿಗೂ ಮೂಗಿತ್ತು. ಮೊದಲ ವಾರ ಪ್ರತಿ ಸಲ ಪಟ್ಟಿ ಬಿಚ್ಚಿದ ಮೇಲೆ ಹಿತ್ತಿಲಿಗೆ ಓಡಿ ಕಾರಿಕೊಂಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಒಂದು ಮುಂಜಾನೆ ಪಟ್ಟಿ ಬಿಚ್ಚಿದರೆ ಗಾಯದೊಳಗೆ ಏನೋ ಅಲುಗಾಡಿತು. ಹುಳ. ಟರ್ಪೆಂಟೈನು ಹಾಕಿದರೆ ಹೊರಗೆ ಬರುತ್ತವೆ ಎಂದು ಗೋಕಾಕದ ಆಸ್ಪತ್ರೆಯಲ್ಲಿ ಗಾಯ ಕಟ್ಟಿದವರು ಹೇಳಿದ್ದು ನೆನಪಾಗಿ ತ್ರಿಶಲಾ ಸೀಸೆ ತರಲು ಎದ್ದಳು. ಜಿನ್ನವ್ವ ಅವಳ ಸೆರಗು ಹಿಡಿದಳು.

"ಏನ ಅದಾವ ಅಲ್ಲೆ, ಹುಳಾ?"

"ಇಲ್ರಿ ಅತ್ತಿ."

"ಸುಳ್ಳ ಹೇಳಬ್ಯಾಡ. ಎಣ್ಣಿ ಹಾಕಿ ಕೊಲ್ಲಬ್ಯಾಡವಾ. ಜೀವ ಅವು. ಹೊರಗ ಬಿಟ್ಟ ಬಾ."

ನೀರು ಸೋಸದೆ ಕುಡಿಯದ, ದೀಪಕ್ಕೆ ಹುಳ ಬೀಳಬಹುದೆಂದು ಸಂಜೆ ದೀಪ ಮುಚ್ಚಿಡುವ ಹೆಂಗಸು ಆಕೆ. ತನ್ನನ್ನು ತಿನ್ನುವವುಗಳ ಮೇಲೂ ಅದೇ ದಯೆ. ತ್ರಿಶಲಾಗೆ ಆ ಗಳಿಗೆ ಅತ್ತೆಯ ಮೇಲೂ ಅಸಹ್ಯ ಬಂತು, ಧರ್ಮದ ಮೇಲೂ ಬಂತು. ಆದರೆ ಮಾತು ಮೀರಲಿಲ್ಲ. ಡ್ರೆಸ್ಸಿಂಗಿನ ಚಿಮಟ ಮೊಂಡಾಗಿತ್ತು, ಹಿಡಿದರೆ ಹುಳ ಜಜ್ಜಿ ಹೋಗುತ್ತಿತ್ತು. ಪಡಸಾಲೆಗೆ ಹೋಗಿ ಗಂಡನ ಚಿಮಟ ತಂದಳು. ಪರದೇಶದ ಚಿಮಟ, ತುದಿ ಚಪ್ಪಟೆ, ಕಾಗದಕ್ಕೂ ನೋವಾಗದಂತೆ ಎತ್ತುವಂಥದ್ದು. ಅದರಿಂದ ಒಂದೊಂದೇ ಹುಳ ಎತ್ತಿ ಎಲೆಯ ಮೇಲಿಟ್ಟು, ಹಿತ್ತಿಲಿನ ತಿಪ್ಪೆಯ ನೆರಳಲ್ಲಿ ಬಿಟ್ಟು ಬಂದಳು. ಮುಗಿಸಿ ಚಿಮಟವನ್ನು ಕುದಿಯುವ ನೀರಿನಲ್ಲಿ ಹಾಕಿ ಒರೆಸಿ ಮೊದಲಿದ್ದಲ್ಲೇ ಇಟ್ಟಳು. ಆದರೆ ರಾಯವ್ವ ಹಿತ್ತಿಲ ಗೋಡೆಯ ಆಚೆಯಿಂದ ನೋಡಿದ್ದಳಲ್ಲ, ಸಂಜೆಯೊಳಗೆ ಅಂಗಡಿಗೇ ಹೋಗಿ ಸುದ್ದಿ ಮುಟ್ಟಿಸಿದಳು.

ನೇಮಿನಾಥ ಬಂದವನು ಚಿಮಟವನ್ನು ಕಾಗದದಲ್ಲಿ ಸುತ್ತಿ ಗಟಾರಿಗೆ ಎಸೆದ. ಕೈ ತೊಳೆದ, ಮತ್ತೆ ತೊಳೆದ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನಗ ಹೇಸಿಕಿ ಅನ್ನೂದ ಐತೋ ಇಲ್ಲೋ? ಅದರಿಂದ ನಾ ಟಿಕೀಟ ಮೂಗಿಗಿ ಹಿಡೀತೇನಿ" ಎಂದ.

ತಾಯಿಯ ಗಾಯದಲ್ಲಿ ಹುಳ ಬಿದ್ದಿವೆ ಎಂದು ಕೇಳಿದ ಮಗನಿಗೆ ಕೇಳಲು ಉಳಿದಿದ್ದ ಪ್ರಶ್ನೆ ಅದೊಂದೇ. ತ್ರಿಶಲಾ ಅವನ ಮೂಗನ್ನೇ ನೋಡುತ್ತ ನಿಂತಳು. ತೆಳ್ಳಗೆ, ನೆಟ್ಟಗೆ, ಚೊಕ್ಕವಾಗಿತ್ತು. ಅದಕ್ಕಿಂತ ಹೊಲಸಾದ ವಸ್ತು ಆ ಮನೆಯಲ್ಲಿ ಇನ್ನೊಂದಿಲ್ಲ ಅನ್ನಿಸಿತು ಅವಳಿಗೆ.

ಆಷಾಢದ ಮಧ್ಯಕ್ಕೆ ಜಿನ್ನವ್ವ ಅನ್ನ ಒಲ್ಲೆ ಎಂದಳು. ಎರಡು ಚಮಚ ಗಂಜಿ, ಕಾಸಿ ಆರಿಸಿದ ನೀರು, ಅಷ್ಟೇ. ಇನ್ನು ಬಹಳ ದಿನ ಇಲ್ಲ ಎಂದು ತ್ರಿಶಲಾಗೆ ತಿಳಿಯಿತು, ಜಿನ್ನವ್ವನಿಗೂ ತಿಳಿದಿತ್ತು. ಮೈ ಒರೆಸುತ್ತಿದ್ದ ಸೊಸೆಗೆ ಅವಳು ನಿಧಾನವಾಗಿ ಹೇಳಿದಳು.

"ನಿಮ್ಮ ಮಾವ ಹೋಗೂ ಮುಂದ ಅವರ ಕಿವ್ಯಾಗ ನಾನ ಣಮೋಕಾರ ಹೇಳಿದ್ದೆ. ಕಡೀ ಉಸರಿಗಿ ಅದು ಕಿವ್ಯಾಗ ಬಿದ್ರ ಜೀವಕ್ಕ ದಾರಿ ಚಲೋ ಸಿಗತೈತಿ. ನನ್ನ ಕಿವ್ಯಾಗ ನೇಮಣ್ಣ ಹೇಳ್ಲಿ."

"ನಾ ದಿನಾ ಹೇಳ್ತೀನಲ್ರಿ."

"ನೀ ಹೇಳ್ತಿ, ನಿನ್ನ ಪುಣ್ಯೆ ನಿನಗೈತಿ. ಆದ್ರ ನಾ ಹಡದಾಂವ ಅವಾ. ಒಮ್ಮೆ ಬಾಜೂ ಬಂದು ಕಿವ್ಯಾಗ ಹೇಳಿದ್ರ ಸಾಕು. ಮತ್ತೇನ ಕೇಳೂದಿಲ್ಲ."

ಐದು ಸಾಲಿನ ಮಂತ್ರ. ಮಗು ಮಾತು ಕಲಿಯುವಾಗಲೇ ಬಾಯಿಗೆ ಬರುವಂಥದ್ದು. ನೇಮಿನಾಥನಿಗೂ ಅದನ್ನು ಕಲಿಸಿದವಳು ಇದೇ ಅವ್ವ. ತ್ರಿಶಲಾ ಆ ಸಂಜೆ ಗಂಡನ ಊಟದ ತಾಟನ್ನು ಕಟ್ಟೆಗೆ ಒಯ್ದು ಎದುರಿಗೆ ಕೂತು ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ರಸ್ತೆಯ ಕಡೆ ನೋಡಿದ. "ಏನರ ಮಾಡ್ತೇನಿ" ಎಂದ.

ಮಾಡಿದ್ದೇನೆಂದರೆ, ಮರುದಿನ ಒಂದು ಡಬ್ಬಿ ತಂದ. ಕರೆಂಟಿಗೆ ಹಚ್ಚಿದರೆ ಣಮೋಕಾರ ಮಂತ್ರವನ್ನು ಬಿಡದೆ ಹಾಡುವ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಮುಂದೆ ಕೆಂಪು ದೀಪ. "ಇದನ್ನ ಅವ್ವನ ಕಿವಿ ಬಾಜೂ ಇಡು. ಇಪ್ಪತ್ನಾಲ್ಕ ತಾಸ ಹಾಡತೈತಿ. ಮನಿಷ್ಯಾರು ಅಷ್ಟ ಹೇಳಾಕ ಆಗತೈತೇನು?" ಎಂದು ತ್ರಿಶಲಾಳ ಕೈಗೆ ಕೊಟ್ಟ. ಅವನ ಮುಖದಲ್ಲಿ ಸಮಸ್ಯೆ ಬಗೆಹರಿಸಿದವನ ನೆಮ್ಮದಿ ಇತ್ತು. ತ್ರಿಶಲಾ ಡಬ್ಬಿಯನ್ನು ಹಚ್ಚಿದಳು. ಯಾರದೋ ಹೆಂಗಸಿನ ನುಣುಪು ದನಿ ಕೀವಿನ ಕೋಣೆಯಲ್ಲಿ ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು, ಮಂತ್ರ ನಡುವೆಯೇ ತುಂಡಾಯಿತು. ಜಿನ್ನವ್ವ ಕಣ್ಣು ತೆರೆದು, "ಯಾರ ಈಕಿ?" ಎಂದು ಕೇಳಿದಳು.

ತ್ರಿಶಲಾ ಡಬ್ಬಿಯ ವೈರು ಕಿತ್ತು ಬದಿಗಿಟ್ಟಳು. ಜಿನ್ನವ್ವ ತಾನೇ ಹೇಳಿದಳು, "ನನ್ನ ಮೂಗ ಸತ್ತೈತಿ, ಕಿವಿ ಸತ್ತಿಲ್ಲ ತ್ರಿಶಲಾ. ಅವಾ ದಿನಾ ಮಧ್ಯಾನ ಪಡಸಾಲ್ಯಾಗ ಚಿಲಕ ಹಾಕೂದ ಕೇಳಸತೈತಿ. ನಾ ಭಾಳ ನಾರತೇನೇನು?"

"ಇಲ್ರಿ ಅತ್ತಿ."

"ನಾರತೇನಿ. ಅದಕ್ಕ ಅವಾ ಬರವಲ್ಲ. ಅವಂದೇನ ತಪ್ಪಿಲ್ಲ, ಸಣ್ಣಾಂವ ಇದ್ದಾಗಿಂದ ಹಂಗ." ತಲೆಯನ್ನು ಪಡಸಾಲೆಯ ಕಡೆ ಹೊರಳಿಸಿ, "ಆ ಗಂಧದ ಟಿಕೀಟ ಐತಲ್ಲ, ಅದರಾಗ ನನಗೊಂದ ಕೊಡ" ಎಂದಳು.

ತ್ರಿಶಲಾ ತಿಳಿದದ್ದು, ಪಾಪ ಮುದುಕಿಗೆ ಬಸದಿಯ ಗಂಧ ನೆನಪಾಗಿದೆ, ಮೂಸಬೇಕೆನ್ನಿಸಿದೆ ಎಂದು. ಪಡಸಾಲೆಗೆ ಹೋಗಿ ಕಪಾಟು ತೆಗೆದಳು. ಹಾಳೆ ಪಾರದರ್ಶಕ ಕವರಿನಲ್ಲಿ ಹಾಗೇ ಇತ್ತು, ಒಂದು ಮೂಲೆಯೂ ಮಡಚಿಲ್ಲ. ಇಡೀ ಹಾಳೆ ಇದ್ದರೆ ಅದರ ಬೆಲೆಯೇ ಬೇರೆ, ಒಂದು ಚೀಟಿ ಹರಿದರೆ ಮುಗಿಯಿತು ಎಂದು ಅವನು ಎಷ್ಟೋ ಸಲ ಹೇಳಿದ್ದು ಅವಳಿಗೆ ಗೊತ್ತು. ಮೂಲೆಯದೊಂದು ಚೀಟಿಗೆ ಬೆರಳು ಹಾಕಿದಳು. ಆಮೇಲೆ ಅನ್ನಿಸಿತು, ಒಂದು ಯಾಕೆ? ಹಾಳೆಯನ್ನು ಇಡಿಯಾಗಿ ಒಯ್ದು ಜಿನ್ನವ್ವನ ಎದೆಯ ಮೇಲಿಟ್ಟಳು. "ತಗೋರಿ ಅತ್ತಿ, ಎಲ್ಲಾ ನಿಮ್ಮವ." ಎಷ್ಟೋ ದಿನಗಳ ಮೇಲೆ ಅವಳ ಹೊಟ್ಟೆ ತಣ್ಣಗಾಯಿತು. ಗಂಜಿ ಇಡಲು ಒಲೆಯ ಮುಂದೆ ಹೋದಳು.

ತಿರುಗಿ ಬಂದವಳು ಬಾಗಿಲಲ್ಲೇ ನಿಂತಳು. ಜಿನ್ನವ್ವ ಅಷ್ಟೂ ಚೀಟಿಗಳನ್ನು ಹರಿದಿದ್ದಳು. ಹಿಂದಿನ ಗೋಂದನ್ನು ನಾಲಿಗೆಯಿಂದ ನೆಕ್ಕಿ ಮೈಗೆ ಹಚ್ಚಿಕೊಂಡಿದ್ದಳು. ಎಂಜಲು ಎಂದರೆ ಮಗುವಿನ ತುತ್ತನ್ನೂ ಮುಟ್ಟದ ಹೆಂಗಸು, ಬಾಯಾರಿದ ನಾಲಿಗೆಯಿಂದ ಒಂದೊಂದನ್ನೂ ನೆಕ್ಕಿದ್ದಳು. ಹಣೆಗೊಂದು, ಎರಡೂ ಕಿವಿಯ ಹಾಲೆಗೊಂದೊಂದು, ಗಂಟಲಿಗೊಂದು, ತೋಳುಗಳಿಗೆ ಒಂದೊಂದು. ಬಸದಿಯಲ್ಲಿ ಗಂಧ ಹಚ್ಚಿಕೊಳ್ಳುತ್ತಿದ್ದ ಜಾಗ ಒಂದೂ ತಪ್ಪಿರಲಿಲ್ಲ. ಉಳಿದವು ಸೆರಗಿನ ಅಂಚಿಗೆ, ಕಾಲಿನ ಪಟ್ಟಿಯ ಮೇಲೆ. ಪಟ್ಟಿಯ ಮೇಲಿನವುಗಳಿಗೆ ಕೀವು ಜಿನುಗಿ ಹಳದಿ ಏರಿತ್ತು. ತುಟಿಯಲ್ಲಿ ಗೋಂದಿನ ಅಂಟು. ಊರಿಂದ ಊರಿಗೆ ಕಳಿಸುವ ಲಕೋಟೆಯಂತೆ ಮಲಗಿದ್ದಳು.

"ಈಗ ಕರಿ ಅವನ್ನ" ಎಂದಳು.

ತ್ರಿಶಲಾಗೆ ಹೊಟ್ಟೆಯಿಂದ ಮೇಲೆ ಬಂತು. ಕಾಲಿನಿಂದಲ್ಲ, ಎಂಜಲಿನಿಂದಲೂ ಅಲ್ಲ. ಒಬ್ಬ ತಾಯಿ ಸಾಯುವ ಹೊತ್ತಿನಲ್ಲಿ ಮಗನಿಗೆ ಹೇಸಿಕೆಯಾಗದಿರಲಿ ಎಂದು ಇಷ್ಟು ಮಾಡಿಕೊಳ್ಳಬೇಕಾಯಿತಲ್ಲ, ಅದರಿಂದ. ತೆಗೆದುಬಿಡಲೇ ಎಂದು ಕೈ ಮುಂದೆ ಮಾಡಿದಳು, ಜಿನ್ನವ್ವ ತಲೆ ಅಲ್ಲಾಡಿಸಿದಳು. ಸರಿ ಎಂದು ಕೆಳಗೆ ಕೂತು ಪಟ್ಟಿ ಬಿಚ್ಚಿದಳು. ಗಾಯ ತೊಳೆಯುವ ಹೊತ್ತಾಗಿತ್ತು, ಅದು ಯಾರಿಗೂ ಕಾಯುವುದಿಲ್ಲ.

ಕರೆಯುವುದೇನೂ ಬೇಕಾಗಲಿಲ್ಲ. ಕಟ್ಟೆಯ ಮೇಲೆ ಚಪ್ಪಲಿಯ ಸಪ್ಪಳವಾಯಿತು, ಪಡಸಾಲೆಯ ಚಿಲಕ ಬಿತ್ತು. ಕಪಾಟಿನ ಬಾಗಿಲು ತೆರೆದದ್ದು, ಆಲ್ಬಮ್ಮು ಕೆಳಗೆ ಬಿದ್ದದ್ದು, ಕಾಗದಗಳನ್ನು ತಡಕಾಡಿದ್ದು ಎಲ್ಲ ಒಳಗೆ ಕೇಳಿತು. ಚಿಲಕ ಮತ್ತೆ ತೆರೆಯಿತು. "ತ್ರಿಶಲಾ, ಗಂಧದ ಹಾಳಿ ಎಲ್ಲೈತಿ?" ಎನ್ನುತ್ತ ಅಡುಗೆಮನೆಗೆ ಬಂದ, ಅಲ್ಲಿ ಯಾರೂ ಇಲ್ಲದ್ದು ನೋಡಿ ಹೊಸ್ತಿಲಿಗೆ ಬಂದ. ಕರವಸ್ತ್ರ ಮೂಗಿನ ಮೇಲಿತ್ತು. ಒಳಗೆ ಕಣ್ಣು ಬಿತ್ತು.

"ನನ್ನ ಹಾಳಿ" ಎಂದ.

ಹೊಸ್ತಿಲು ದಾಟಿದ. ಎರಡು ತಿಂಗಳಿಂದ ದಾಟದವನು, ಕರವಸ್ತ್ರ ಹಿಡಿದ ಕೈ ಕೆಳಗೆ ಇಳಿದದ್ದೂ ಗೊತ್ತಾಗದೆ, ನೆಟ್ಟಗೆ ಹೊರಸಿನ ಬಳಿ ಬಂದು ಬಗ್ಗಿದ.

ಜಿನ್ನವ್ವನಿಗೆ ಕಂಡದ್ದು ಬಗ್ಗಿದ ಮಗನ ಮುಖ. ಅವಳ ಬತ್ತಿದ ಮುಖ ಅರಳಿತು. "ಬಂದ್ಯಾ ತಮ್ಮಾ" ಎಂದಳು. ಕೈ ಜೋಡಿಸಿಕೊಂಡು, ಕಣ್ಣು ಮುಚ್ಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಿವಿಯನ್ನು ಅವನ ಕಡೆ ಕೊಟ್ಟಳು. ಮಂತ್ರ ಕೇಳಲು.

ಕಿವಿಯ ಹಾಲೆಯ ಮೇಲಿನ ಚೀಟಿ ಪೂರಾ ಅಂಟಿರಲಿಲ್ಲ. ಅಂಚಿನ ಹಲ್ಲುಗಳೆಲ್ಲ ಸರಿಯಾಗಿದ್ದವು, ಕೀವು ತಾಗಿರಲಿಲ್ಲ. ಹಾಳೆ ಹೋದರೂ ಒಂದು ಉಳಿದೀತು. ನೇಮಿನಾಥನ ಕಣ್ಣು ಅಲ್ಲೇ ನಿಂತದ್ದನ್ನು ತ್ರಿಶಲಾ ನೋಡಿದಳು. ತಾಯಿ ಕಾಯುತ್ತಿದ್ದಾಳೆ ಎಂಬುದೂ ಅವನಿಗೆ ತಿಳಿದಿರಬೇಕು, ಯಾಕೆಂದರೆ ಬಾಯಿ ತೆರೆಯಿತು, ಅರಿಹಂತರಿಗೆ ನಮಸ್ಕಾರ ಹೇಳುವ ಮೊದಲ ಸಾಲು ಹೊರಟಿತು. ದನಿ ಮೃದುವಾಗಿಯೇ ಇತ್ತು. ಮತ್ತು ಅದೇ ಹೊತ್ತಿಗೆ ಅವನ ತೋರುಬೆರಳಿನ ಉಗುರು ಚೀಟಿಯ ಅಂಚಿನ ಕೆಳಗೆ ಸೇರಿತು. ಬಾಯಿ ಸಿದ್ಧರಿಗೆ ನಮಸ್ಕಾರ ಹೇಳುತ್ತಿತ್ತು, ಉಗುರು ಹುಷಾರಾಗಿ ಬಿಡಿಸುತ್ತಿತ್ತು. ಜಿನ್ನವ್ವನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಮಗ ಕಿವಿ ಮುಟ್ಟುತ್ತಿದ್ದಾನೆ ಎಂದುಕೊಂಡಿದ್ದಳು.

ತ್ರಿಶಲಾ ಇಂಥದೊಂದು ಹೇಸಿಕೆಯನ್ನು ಕಂಡವಳಲ್ಲ. ಹುಳ ಎತ್ತಿದ ದಿನವೂ ಇಷ್ಟು ಆಗಿರಲಿಲ್ಲ. ಅವಳು ಎದ್ದಳು. ಗಾಯ ಒರೆಸುತ್ತಿದ್ದ ಕೈ, ತೊಳೆದಿರಲಿಲ್ಲ, ಬೆರಳ ಸಂದಿಯಲ್ಲಿ ಕೀವು ಹಾಗೇ ಇತ್ತು. ಆ ಕೈಯಿಂದ ಗಂಡನ ಕೈಯನ್ನು ಹಿಡಿದು ಚೀಟಿಯ ಸಮೇತ ಅತ್ತೆಯ ಕೆನ್ನೆಗೆ ಒತ್ತಿದಳು.

ಅವನು ಬೆಚ್ಚಿ ಕೈ ಎಳೆದ. ಅವಳು ಬಿಡಲಿಲ್ಲ. ಕೊಡ ಹೊತ್ತ ಕೈ, ಎರಡು ತಿಂಗಳಿಂದ ಅತ್ತೆಯನ್ನು ಎತ್ತಿ ಇಳಿಸಿದ ಕೈ. ಅವನ ಬೆರಳುಗಳ ಮೇಲೆ ಹಳದಿ ಒದ್ದೆ ಹರಡಿತು. ಮಂತ್ರ ನಿಂತಿತು.

"ಹೇಳ್ರಿ. ಇನ್ನ ಮೂರ ಸಾಲ ಅದಾವ" ಎಂದಳು ತ್ರಿಶಲಾ, ಅತ್ತೆಗೆ ಕೇಳದಷ್ಟು ಸಣ್ಣಗೆ.

ಅವನು ಹೆಂಡತಿಯ ಮುಖ ನೋಡಿದ. ಅಲ್ಲಿ ಏನು ಕಂಡನೋ, ಹೇಳಿದ. ಒಂದೊಂದು ಸಾಲಿಗೂ ವಾಕರಿಕೆ ನುಂಗುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ಕೊನೆಯ ಅಕ್ಷರದವರೆಗೆ ಹೇಳಿದ. ಜಿನ್ನವ್ವ ಪ್ರತಿ ಸಾಲಿಗೂ ತುಟಿ ಅಲ್ಲಾಡಿಸಿದಳು. ಮುಗಿದ ಮೇಲೆ ಕಣ್ಣು ತೆರೆಯದೆ, ಕೆನ್ನೆಯ ಮೇಲಿನ ಎರಡು ಕೈಗಳ ಮೇಲೆ ತನ್ನದೊಂದು ಕೈ ಇಟ್ಟು ಕೇಳಿದಳು:

"ಈಗ ನಾರೂದಿಲ್ಲಲ್ಲ ತಮ್ಮಾ ನಾ?"

"ಇಲ್ಲವ್ವಾ" ಎಂದ ನೇಮಿನಾಥ. ತ್ರಿಶಲಾ ಕೈ ಸಡಿಲಿಸಿದ್ದೇ ತಡ, ಹಿತ್ತಿಲಿಗೆ ಓಡಿದ. ಅವನು ಕಾರಿಕೊಳ್ಳುವ ಸಪ್ಪಳ ಬಹಳ ಹೊತ್ತು ಕೇಳಿತು. ಜಿನ್ನವ್ವನಿಗೆ ನಿದ್ದೆ ಹತ್ತಿತ್ತು. ಎಷ್ಟೋ ವಾರಗಳಲ್ಲಿ ನರಳದೆ ಮಲಗಿದ್ದು ಅದೇ ಮೊದಲು.

ತ್ರಿಶಲಾ ಗಾಯಕ್ಕೆ ಹೊಸ ಪಟ್ಟಿ ಕಟ್ಟಿ ಬಚ್ಚಲಿಗೆ ಹೋದಳು.

ಸಬಕಾರ ಹಚ್ಚಿ ಕೈ ತೊಳೆದಳು. ಮೂಸಿ ನೋಡಿದಳು. ಕೀವಿನ ವಾಸನೆ ಹೋಗಿತ್ತು. ಒತ್ತಿ ಹಿಡಿದಿದ್ದಾಗ ಚೀಟಿಯಿಂದ ಬಿಟ್ಟ ಶ್ರೀಗಂಧ ಅಂಗೈಯಲ್ಲಿ ಹಾಗೇ ಕೂತಿತ್ತು. ತ್ರಿಶಲಾ ಒಲೆಯಿಂದ ಬೂದಿ ತಂದು ಚರ್ಮ ಕೆಂಪಾಗುವ ತನಕ ತಿಕ್ಕಿದಳು.